ಪಾಸ್‌ಬುಕ್ಕಿನಲ್ಲಿ ಯಾರ ಹೆಸರು?

ಮಗಳಿಗೆ ಕೆಲಸ ಸಿಕ್ಕಿತು. 2025ರ ಜೂನ್ ತಿಂಗಳ ಒಂದು ಸಂಜೆ ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಅವಳು ನೇಮಕಾತಿ ಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದಳು. ಬೆಂಗಳೂರಿನ ಒಂದು ಕಂಪನಿ. ಮೂಲ ವೇತನ ಹದಿನೈದು ಸಾವಿರ, ಅದರ ಮೇಲೆ ಒಂದಿಷ್ಟು ಭತ್ಯೆಗಳು. ಓದುತ್ತ ಓದುತ್ತ ಒಂದು ಸಾಲಿನ ಹತ್ತಿರ ಅವಳ ದನಿ ನಿಂತಿತು.

‘ಇದೇನಮ್ಮ, ತಿಂಗಳಿಗೆ 1800 ರೂಪಾಯಿ ಪಿ.ಎಫ್.ಗೆ ಹಿಡ್ಕೋತಾರಂತೆ! ಬೇಡ ಅಂತ ಬರೆದುಕೊಟ್ಟರೆ ಆಗಲ್ವಾ? ಬೆಂಗಳೂರಲ್ಲಿ ರೂಮಿನ ಬಾಡಿಗೆ ಕಟ್ಟೋದೇ ಕಷ್ಟ.’

ಗೋಡೆಗೆ ಒರಗಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ನನ್ನ ಅವ್ವ ತಲೆ ಎತ್ತಲಿಲ್ಲ. ‘ಯಾರ ಹೆಸರಿಗೆ ಹಿಡೀತಾರೆ?’ ಎಂದು ಕೇಳಿದಳು.

‘ನನ್ನ ಹೆಸರಿಗೇ ಅಜ್ಜಿ.’

‘ಹಂಗಾದ್ರೆ ಹಿಡೀಲಿ ಬಿಡು’ ಎಂದು ಅವ್ವ ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು.

ಮಗಳಿಗೆ ನಗು ಬಂತು. ನನಗೆ ಬರಲಿಲ್ಲ. ಅವ್ವ ಕೇಳಿದ ಆ ಒಂದು ಪ್ರಶ್ನೆಯ ಹಿಂದೆ ನಮ್ಮ ಮನೆಯ ಮೂವರು ಹೆಂಗಸರ ಕಥೆ ಇದೆ. ಮೂವರೂ ದುಡಿದವರು. ಒಬ್ಬಳ ದುಡಿಮೆ ಅವಳ ಹೆಸರಿನಲ್ಲಿ ದಾಖಲಾಯಿತು. ಇನ್ನೊಬ್ಬಳದು ಬೇರೆಯವರ ಹೆಸರಿನಲ್ಲಿ ದಾಖಲಾಯಿತು. ಮೂರನೆಯವಳು ತನ್ನ ಹೆಸರಿನಲ್ಲಿದ್ದ ದಾಖಲೆಯನ್ನು ತಾನೇ ಸಹಿ ಹಾಕಿ ಅಳಿಸಿಕೊಂಡಳು. ಆ ಮೂರನೆಯವಳು, ಎಂ.ಎ., ಬಿ.ಎಡ್. ಓದಿದ ನಾನು.

ನಾನು ಚಿಕ್ಕವಳಿದ್ದಾಗ ದಾವಣಗೆರೆ ಹತ್ತಿ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಇನ್ನೂ ಮಾಸಿರಲಿಲ್ಲ. ಪಾಳಿಗೆ ಪಾಳಿಗೆ ಸೈರನ್ ಕೂಗುತ್ತಿತ್ತು, ಗಂಡಸರು ಬುತ್ತಿ ಡಬ್ಬಿ ಹಿಡಿದು ಸೈಕಲ್ ಹತ್ತುತ್ತಿದ್ದರು. ಅಪ್ಪನೂ ಒಂದು ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಹೆಂಗಸರ ದುಡಿಮೆಗೆ ಸೈರನ್ ಇರಲಿಲ್ಲ. ಕೆಲವರು ಮಂಡಕ್ಕಿ ಭಟ್ಟಿಗಳಿಗೆ ಹೋಗುತ್ತಿದ್ದರು, ಕೆಲವರು ಮನೆಯಲ್ಲೇ ಕುಳಿತು ಬೀಡಿ ಕಟ್ಟುತ್ತಿದ್ದರು. ಅವ್ವ ಬೀಡಿ ಕಟ್ಟುತ್ತಿದ್ದಳು. ಇಂದು ಅವಳು ಅಕ್ಕಿ ಆರಿಸುವಂಥದೇ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಮೂವತ್ತು ವರ್ಷ ಕಟ್ಟಿದಳು.

ನೋಡುವವರಿಗೆ ಅದು ಕುಳಿತು ಮಾಡುವ ಹಗುರವಾದ ಕೆಲಸ. ಗುತ್ತಿಗೆದಾರನಿಂದ ಎಲೆ, ತಂಬಾಕು, ದಾರ ತರಬೇಕು. ರಾತ್ರಿ ಎಲೆ ನೆನೆಸಿ ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಬೆಳಿಗ್ಗೆ ಅಳತೆಗೆ ಸರಿಯಾಗಿ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ತುದಿ ಮಡಚಿ, ದಾರ ಕಟ್ಟಬೇಕು. ಇಪ್ಪತ್ತೈದಕ್ಕೆ ಒಂದು ಕಟ್ಟು. ಸಾವಿರ ಬೀಡಿ ಆಗಬೇಕಾದರೆ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಬೆನ್ನು ಬಗ್ಗಿಸಿ ಕೂರಬೇಕು. ನಡುವೆ ಅಡುಗೆ, ನೀರು, ಮಕ್ಕಳು. ಸಂಜೆ ಒಪ್ಪಿಸಲು ಹೋದರೆ ಗುತ್ತಿಗೆದಾರ ಕಟ್ಟು ಬಿಚ್ಚಿ, ಸರಿಯಿಲ್ಲವೆಂದು ಕೆಲವನ್ನು ಪಕ್ಕಕ್ಕೆ ಎಸೆಯುತ್ತಿದ್ದ. ಎಸೆದದ್ದಕ್ಕೆ ಕೂಲಿ ಇಲ್ಲ. ಉಳಿದದ್ದನ್ನು ಪಾಸ್‌ಬುಕ್ಕಿನಲ್ಲಿ ಬರೆಯುತ್ತಿದ್ದ.

ಆ ಪಾಸ್‌ಬುಕ್ ಸುಮ್ಮನೆ ಬಂದದ್ದಲ್ಲ. ಬೀಡಿ ಕಾರ್ಮಿಕರಿಗಾಗಿಯೇ 1966ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. 1977ರಲ್ಲಿ ಬೀಡಿ ಉದ್ಯಮ ಭವಿಷ್ಯ ನಿಧಿಯ ವ್ಯಾಪ್ತಿಗೆ ಬಂತು. ಮನೆಯಲ್ಲಿ ಕುಳಿತು ಕಟ್ಟುವವರು ನಮ್ಮ ನೌಕರರೇ ಅಲ್ಲ ಎಂದು ಮಾಲೀಕರು ವಾದಿಸಿದರು. ಆ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗುತ್ತಿಗೆದಾರನ ಮೂಲಕ ಎಲೆ ಪಡೆದು ಮನೆಯಲ್ಲೇ ಬೀಡಿ ಕಟ್ಟುವವರೂ ನೌಕರರೇ, ಅವರಿಗೂ ಭವಿಷ್ಯ ನಿಧಿ ಸಲ್ಲಬೇಕು ಎಂದು ನ್ಯಾಯಾಲಯ 1985ರಲ್ಲಿ ಹೇಳಿತು. ದೇಶದ ಲಕ್ಷಾಂತರ ಹೆಂಗಸರ ಮನೆಯ ಪಡಸಾಲೆಯನ್ನು ಕೆಲಸದ ಜಾಗವೆಂದು ಒಪ್ಪಿಕೊಂಡ ತೀರ್ಪು ಅದು.

ಆದರೆ ತೀರ್ಪು ಬಂದರೆ ಸಾಲದು, ಪುಸ್ತಕದಲ್ಲಿ ಹೆಸರು ಬರಬೇಕು. ಅವ್ವನ ಹೆಸರು ಬಂದದ್ದು ಅಪ್ಪನಿಂದ. ಅಪ್ಪನಿಗೆ ಮಿಲ್ಲಿನಲ್ಲಿ ಪಿ.ಎಫ್. ನಂಬರು ಇತ್ತು, ಅದರ ಬೆಲೆ ಗೊತ್ತಿತ್ತು. ಒಂದು ದಿನ ಪಾಳಿ ಮುಗಿಸಿ ಬಂದವರೇ ಅವ್ವನನ್ನು ಕರೆದುಕೊಂಡು ಗುತ್ತಿಗೆದಾರನ ಬಳಿ ಹೋಗಿ, ‘ನಂದು ಮಿಲ್ಲಿನಾಗೆ ಐತಿ, ಇಕೀದು ಇಲ್ಲಿ ಇರ್ಲಿ. ಇಕೀ ಹೆಸರಿಗೇ ಬರೀರಿ’ ಎಂದರಂತೆ. ಗುತ್ತಿಗೆದಾರ ಹಿಂದೆ ಮುಂದೆ ನೋಡಿದ. ಅಪ್ಪ ಕಾರ್ಮಿಕರ ಸಂಘದವರನ್ನೂ ಕರೆದುಕೊಂಡು ಎರಡನೆಯ ಸಲ ಹೋದ ಮೇಲೆ ಬರೆದ. ಬೀಡಿ ಉದ್ಯಮಕ್ಕೆ ಭವಿಷ್ಯ ನಿಧಿಯ ವಂತಿಗೆ ಕೂಲಿಯ ಶೇಕಡಾ ಹತ್ತು. ಆ ಹತ್ತು ಕಳೆದು ಕೈಗೆ ಬರುವ ಕೂಲಿ ಕಡಿಮೆಯಾದಾಗ ಅವ್ವ ಗೊಣಗಿದ್ದು ನನಗೆ ನೆನಪಿದೆ. ಮೊನ್ನೆ ಮಗಳು ಗೊಣಗಿದ ಹಾಗೆಯೇ.

ಅವ್ವನ ಅಕ್ಕ, ನನ್ನ ದೊಡ್ಡವ್ವ, ಮದುವೆಯಾಗಿ ಹೋದದ್ದು ಹರಿಹರಕ್ಕೆ. ದಾವಣಗೆರೆಯಿಂದ ಹದಿನೈದು ಕಿಲೋಮೀಟರಿನೊಳಗಿನ ದಾರಿ. ಹರಿಹರೇಶ್ವರನ ಊರು, ತುಂಗಭದ್ರೆಯ ದಡ, ಕಿರ್ಲೋಸ್ಕರ್ ಕಾರ್ಖಾನೆಯ ಲೇಥ್ ಯಂತ್ರಗಳಿಂದ ಹೆಸರಾದ ಊರು. ದೊಡ್ಡಪ್ಪ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದರು. ದೊಡ್ಡವ್ವನೂ ಬೀಡಿಯನ್ನೇ ಕಟ್ಟುತ್ತಿದ್ದಳು. ಬೆರಳು ಅವ್ವನಿಗಿಂತ ಚುರುಕು. ಆದರೆ ಆ ಮನೆಯಲ್ಲಿ ಪಾಸ್‌ಬುಕ್ ಇದ್ದದ್ದು ಒಂದೇ, ಅದು ಅತ್ತೆಯ ಹೆಸರಿನಲ್ಲಿ. ಅತ್ತೆ ಕಟ್ಟಿದ ಇನ್ನೂರು, ಸೊಸೆ ಕಟ್ಟಿದ ಎಂಟುನೂರು, ಎಲ್ಲ ಸೇರಿ ಸಾವಿರ ಎಂದು ಅದೇ ಪುಸ್ತಕಕ್ಕೆ ಹೋಗುತ್ತಿತ್ತು. ದೊಡ್ಡವ್ವ ಒಮ್ಮೆ ಕೇಳಿದ್ದಳಂತೆ. ‘ಯಾರ ಹೆಸರಾಗಿದ್ರೇನು, ದುಡ್ಡು ಮನೆಯೊಳಗೇ ಇರ್ತದಲ್ಲ’ ಎಂದು ದೊಡ್ಡಪ್ಪ ಹೇಳಿದರು. ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಸೊಸೆಯೂ ಸುಮ್ಮನಾದಳು.

ಅತ್ತೆಗೆ ವಯಸ್ಸು ಮುಗಿದು ಪಿ.ಎಫ್. ಹಣ ಬಂತು. ಅದರಲ್ಲಿ ದೊಡ್ಡಪ್ಪನಿಗೆ ಒಂದು ಮೊಪೆಡ್ ಬಂತು. ಅತ್ತೆಯ ಪುಸ್ತಕ ಮುಚ್ಚಿದ ಮೇಲೆ ಗುತ್ತಿಗೆದಾರ ದೊಡ್ಡವ್ವನಿಗೆ ಪುಸ್ತಕವಿಲ್ಲದೆಯೇ ಎಲೆ ಕೊಡತೊಡಗಿದ. ಕೂಲಿ ಸ್ವಲ್ಪ ಕಡಿಮೆ, ಕಡಿತ ಏನೂ ಇಲ್ಲ. ಪೂರ್ತಿ ಹಣ ಕೈಗೇ ಬರುತ್ತದಲ್ಲ ಎಂದು ಅವಳಿಗೆ ಅದೂ ಒಂದು ಸಮಾಧಾನ. ಹೀಗೆ ಅವಳೂ ಮೂವತ್ತು ವರ್ಷ ಕಟ್ಟಿದಳು.

ಅವ್ವನಿಗೆ 58 ತುಂಬಿದ್ದು 2008ರಲ್ಲಿ. ಭವಿಷ್ಯ ನಿಧಿಯ ಗಂಟು ಅವಳ ಹೆಸರಿನ ಬ್ಯಾಂಕ್ ಖಾತೆಗೆ ಬಂತು. ಸೋರುತ್ತಿದ್ದ ಮಾಡು ಸರಿಮಾಡಿಸಿದಳು, ಉಳಿದದ್ದನ್ನು ಠೇವಣಿ ಇಟ್ಟಳು. ಯಾರನ್ನೂ ಕೇಳಲಿಲ್ಲ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಹತ್ತು ವರ್ಷ ಸೇವೆ ಇದ್ದವರಿಗೆ ಪಿಂಚಣಿ ಉಂಟು. ಮೊದಲು ಅವಳಿಗೆ ಬರುತ್ತಿದ್ದದ್ದು ಆರುನೂರರ ಆಸುಪಾಸು. 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿ ಸಾವಿರ ರೂಪಾಯಿ ಎಂದಾಯಿತು. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಪ್ರಮಾಣಪತ್ರ ಕೊಡಬೇಕು. ಈಗ ಅದಕ್ಕೆ ಬೆರಳಚ್ಚಿನ ಯಂತ್ರ ಬಂದಿದೆ. ಅವ್ವನ ಬೆರಳಿನ ಗೆರೆಗಳೆಲ್ಲ ಬೀಡಿ ಎಲೆಗೆ ಸವೆದುಹೋಗಿವೆ. ಯಂತ್ರ ಒಂದೊಂದೇ ಬೆರಳನ್ನು ಒಲ್ಲೆ ಎನ್ನುತ್ತದೆ. ಹತ್ತನ್ನೂ ಒತ್ತಿಸಿ ಯಾವುದಾದರೊಂದು ಒಪ್ಪಿತವಾಗುವವರೆಗೆ ಅವಳು ಅಲ್ಲೇ ನಿಂತಿರುತ್ತಾಳೆ.

ದೊಡ್ಡವ್ವನಿಗೆ ಭವಿಷ್ಯ ನಿಧಿಯೂ ಇಲ್ಲ, ಆ ಪಿಂಚಣಿಯೂ ಇಲ್ಲ. ರಾಜ್ಯ ಸರ್ಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯ 1200 ರೂಪಾಯಿ ಬರುತ್ತದೆ. ‘ನೋಡು, ನಿನಗಿಂತ ನನಗೇ ಇನ್ನೂರು ಹೆಚ್ಚು’ ಎಂದು ತಂಗಿಯನ್ನು ಆಗಾಗ ರೇಗಿಸುತ್ತಾಳೆ. ಲೆಕ್ಕ ಸರಿಯೇ. ಮೂವತ್ತು ವರ್ಷದ ದುಡಿಮೆಗೆ ಸಾವಿರ ರೂಪಾಯಿ ಎಂಬುದು ಹೆಮ್ಮೆಪಡುವ ಮೊತ್ತವಲ್ಲ. ಆದರೆ ಒಂದು ಸಲ ನಗು ಮುಗಿಸಿ ದೊಡ್ಡವ್ವ ತಾನೇ ಹೇಳಿದಳು: ‘ಇದು ಸರ್ಕಾರ ಕೊಟ್ಟಿದ್ದವ್ವ. ನಾನು ದುಡಿದಿದ್ದು ಎಲ್ಲಿಗೋತು?’

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಏಕೆಂದರೆ ನನ್ನದು ಎಲ್ಲಿಗೆ ಹೋಯಿತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

1996ರಲ್ಲಿ ನಾನು ದಾವಣಗೆರೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಶಿಕ್ಷಕಿಯಾದೆ. ಸಂಬಳ ಸಣ್ಣದು, ಆದರೆ ಪಿ.ಎಫ್. ಇತ್ತು. 2002ರಲ್ಲಿ ಮದುವೆ ಗೊತ್ತಾಯಿತು, ಗಂಡನ ಮನೆ ಹುಬ್ಬಳ್ಳಿ. ‘ಹುಬ್ಬಳ್ಳಿಗೆ ಹೋಗೋಳಿಗೆ ಇಲ್ಲಿ ಯಾತರ ಖಾತೆ?’ ಎಂದರು ಮನೆಯ ಹಿರಿಯರು. ಕೆಲಸ ಬಿಟ್ಟವರು ಪಿ.ಎಫ್. ಹಣಕ್ಕಾಗಿ ಎರಡು ತಿಂಗಳು ಕಾಯಬೇಕೆಂಬ ನಿಯಮ ಆಗ ಇತ್ತು. ಮದುವೆಗಾಗಿ ಕೆಲಸ ಬಿಡುವ ಹೆಣ್ಣಿಗೆ ಆ ಕಾಯುವಿಕೆ ಇರಲಿಲ್ಲ. ನಿಯಮ ಮಾಡಿದವರ ಮನಸ್ಸಿನಲ್ಲಿ ಕನಿಕರವೇ ಇದ್ದೀತು. ಹೆಣ್ಣಿನ ಕೆಲಸ ಮದುವೆಗೆ ಮುಗಿಯುತ್ತದೆ ಎಂಬ ನಂಬಿಕೆಯೂ ಅದರೊಳಗಿತ್ತು. ನಾನೂ ಅದನ್ನೇ ನಂಬಿ ಸಹಿ ಹಾಕಿದೆ. ಪಿಂಚಣಿಯ ಲೆಕ್ಕಕ್ಕೆ ಇದ್ದ 10-ಸಿ ನಮೂನೆಯಲ್ಲಿ ಎರಡು ಆಯ್ಕೆಗಳಿದ್ದವು: ಹಣ ಹಿಂದಕ್ಕೆ ಪಡೆಯುವುದು, ಇಲ್ಲವೆ ಸ್ಕೀಂ ಸರ್ಟಿಫಿಕೇಟ್ ಪಡೆದು ಸೇವೆಯ ವರ್ಷಗಳನ್ನು ಉಳಿಸಿಕೊಳ್ಳುವುದು. ಎರಡನೆಯದು ಏನೆಂದು ನಾನು ಓದಲೂ ಇಲ್ಲ. ಅಪ್ಪ ತೀರಿ ಆಗ ಮೂರು ವರ್ಷವಾಗಿತ್ತು. ಇದ್ದಿದ್ದರೆ ತಡೆಯುತ್ತಿದ್ದರೇನೋ. ಪಿಂಚಣಿ ಲೆಕ್ಕದ ಸುಮಾರು ಹದಿನೈದು ಸಾವಿರದಲ್ಲಿ ಒಂದು ಜೊತೆ ಬಳೆ ಬಂತು. ಪಿ.ಎಫ್. ಹಣ ಛತ್ರಕ್ಕೆ, ಊಟಕ್ಕೆ ಹೋಯಿತು.

ಅದೇ ವರ್ಷ ನಮ್ಮ ಶಾಲೆಯ ಗಣಿತದ ಮೇಷ್ಟರಿಗೂ ಮದುವೆಯಾಯಿತು. ಅವರ ಖಾತೆ ಮುಚ್ಚಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಮದುವೆಯನ್ನೂ ಹೆಣ್ಣಿನ ಕೆಲಸವನ್ನೂ ಹೀಗೆ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಡುವುದು ಸಣ್ಣ ಮನೆಗಳ ರೂಢಿ ಮಾತ್ರವಲ್ಲ. ಕೊಡಗಿನ ಸಿ.ಬಿ. ಮುತ್ತಮ್ಮ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮದಲ್ಲಿ, ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಅನುಮತಿ ಕೇಳಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆಯನ್ನೂ ಕೊಡಬೇಕು ಎಂದಿತ್ತು. ಪುರುಷ ಅಧಿಕಾರಿಗೆ ಈ ಷರತ್ತಿರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಇಂಥ ತಾರತಮ್ಯವನ್ನು ಕಟುವಾಗಿ ಟೀಕಿಸಿತು. ಕಾಗದದ ನಿಯಮ ಹೋಯಿತು. ಮನೆಗಳ ನಿಯಮ ಇಪ್ಪತ್ತಮೂರು ವರ್ಷದ ನಂತರ ನನ್ನ ಕೈಯಲ್ಲಿ ಸಹಿ ಹಾಕಿಸಿತು.

2010ರಲ್ಲಿ ನಾವು ದಾವಣಗೆರೆಗೆ ಮರಳಿದೆವು. ಹೊಸ ಮನೆಯ ಮುಂಗಡಕ್ಕೆ ಬಳೆ ಮಾರಿದೆವು. ನಾನು ಬೇರೊಂದು ಶಾಲೆ ಸೇರಿದೆ. ಎಂಟು ವರ್ಷ ಮನೆಯಲ್ಲಿದ್ದವಳೆಂದು ಹೊಸಬಳ ಸಂಬಳಕ್ಕೇ ಮತ್ತೆ ಆರಂಭ. 2018ರಲ್ಲಿ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಯಾರಾದರೊಬ್ಬರು ಮನೆಯಲ್ಲಿರಬೇಕಾಯಿತು. ಯಾರು ಎಂಬ ಚರ್ಚೆಯೇ ನಡೆಯಲಿಲ್ಲ. ಸಂಬಳ ಕಡಿಮೆ ಇದ್ದವರು ಬಿಡುವುದು ಲಾಭವಲ್ಲವೆ? ನನ್ನ ಸಂಬಳ ಏಕೆ ಕಡಿಮೆಯಾಗಿತ್ತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಆಗ ಭವಿಷ್ಯ ನಿಧಿ ಕಚೇರಿಯ ಗುಮಾಸ್ತರೊಬ್ಬರು ಸಾವಧಾನವಾಗಿ ಲೆಕ್ಕ ಹಾಕಿ ತೋರಿಸಿದರು. ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಬೇಕು. ಆದರೆ ಅದಕ್ಕೂ ಮೊದಲು ಹತ್ತು ವರ್ಷ ತುಂಬಿರಬೇಕು. ‘ಮೇಡಂ, ನಿಮ್ಮದು ಆರು ಮತ್ತು ಎಂಟು, ಹದಿನಾಲ್ಕು ಆಗಬೇಕಿತ್ತು. ಆರನ್ನು ನೀವು ತಗೊಂಡುಬಿಟ್ಟಿದೀರಿ. ಉಳಿದದ್ದು ಎಂಟು. ಎಂಟಕ್ಕೆ ಪಿಂಚಣಿ ಇಲ್ಲ’ ಎಂದರು. ಹದಿನಾಲ್ಕೂ ಉಳಿದಿದ್ದರೆ 58ರ ನಂತರ ಬದುಕಿರುವವರೆಗೆ ತಿಂಗಳಿಗೆ ಒಂದೂವರೆ ಸಾವಿರಕ್ಕೆ ಸ್ವಲ್ಪ ಮೇಲೆ ಬರುತ್ತಿತ್ತು. ದೊಡ್ಡ ಮೊತ್ತವಲ್ಲ. ಆದರೆ ಅಕ್ಷರ ಬಾರದ ಅವ್ವನಿಗೆ ಸಿಕ್ಕಿದ್ದು ಎರಡು ಪದವಿ ಪಡೆದ ನನಗೆ ಸಿಗದೆಹೋಯಿತಲ್ಲ ಎಂಬುದು ಆ ಕುರ್ಚಿಯಲ್ಲಿ ಕುಳಿತಾಗ ಹೊಳೆಯಿತು. ಅವರ ಸಲಹೆಯಂತೆ ಆ ಎಂಟು ವರ್ಷಕ್ಕೆ ಹಣ ತೆಗೆದುಕೊಳ್ಳದೆ ಸ್ಕೀಂ ಸರ್ಟಿಫಿಕೇಟ್ ಪಡೆದೆ. ಅತ್ತೆ ತೀರಿಕೊಂಡ ಮೇಲೆ, 2024ರ ಜೂನ್‌ನಲ್ಲಿ ಮತ್ತೆ ಒಂದು ಶಾಲೆ ಸೇರಿದ್ದೇನೆ. ಎರಡು ವರ್ಷ ತುಂಬಿಸಬೇಕು. ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳುವವರಿಗೆ ‘ಹತ್ತು ಮಾಡಿಕೊಳ್ಳಲು’ ಎನ್ನುತ್ತೇನೆ. ಅರ್ಥವಾಗದೆ ನಗುತ್ತಾರೆ.

ಹಣ ತೆಗೆದವರೆಲ್ಲ ತಿಳಿಗೇಡಿಗಳು ಎಂದು ನಾನು ಹೇಳುತ್ತಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳಿದದ್ದು ಓದುಗರಿಗೆ ನೆನಪಿರಬಹುದು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಅವರು ಸಿಡಿದೆದ್ದಿದ್ದರು. ಎರಡೇ ದಿನದಲ್ಲಿ, ಏಪ್ರಿಲ್ 19ರಂದು, ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ಪಡೆಯಿತು. ಮುಪ್ಪಿನ ಗಂಟನ್ನು ಈಗಲೇ ಬಿಚ್ಚಬೇಕೆಂದು ಹಟವೇಕೆ ಎಂದು ಅಂದು ಸ್ಟಾಫ್ ರೂಮಿನಲ್ಲಿ ಕುಳಿತು ಪತ್ರಿಕೆ ಓದುತ್ತ ನಾನೂ ಅಂದುಕೊಂಡಿದ್ದೆ. ಮಗುವಿನ ಫೀಸು, ಮನೆಯ ಸಾಲ, ತಾಯಿಯ ಕಾಯಿಲೆ ಇವಕ್ಕೆಲ್ಲ ಆ ಹೆಣ್ಣುಮಕ್ಕಳಿಗೆ ಇದ್ದದ್ದು ಅದೊಂದೇ ಗಂಟು. ಬೇರೆ ದಾರಿ ಇಲ್ಲದೆ ತೆಗೆಯುವುದು ಬೇರೆ. ಏನು ಕಳೆದುಕೊಳ್ಳುತ್ತೇನೆಂದು ತಿಳಿಯದೆ, ಹೇಗೂ ಹೆಣ್ಣಿನ ಕೆಲಸ ತಾತ್ಕಾಲಿಕವೆಂದುಕೊಂಡು ತೆಗೆಯುವುದು ಬೇರೆ. ನನ್ನದು ಎರಡನೆಯ ಬಗೆ. ಅದನ್ನು ತಪ್ಪಿಸಬಹುದಿತ್ತು.

ಅದಕ್ಕೇ ಆ ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿದೆ. ನಿನ್ನ 1800ಕ್ಕೆ ಕಂಪನಿಯೂ 1800 ಸೇರಿಸುತ್ತದೆ. ಕಂಪನಿಯ ಪಾಲಿನಲ್ಲಿ 1250 ನಿನ್ನ ಪಿಂಚಣಿಗೆ, 550 ನಿನ್ನ ಭವಿಷ್ಯ ನಿಧಿಗೆ ಹೋಗುತ್ತದೆ. ಬೇಡವೆಂದರೆ ಬಿಡುವುದು ಬರೀ 1800 ಅಲ್ಲ. 2014ರಿಂದ ಪ್ರತಿಯೊಬ್ಬ ಸದಸ್ಯರಿಗೂ ಯು.ಎ.ಎನ್. ಎಂಬ ಒಂದೇ ಸಂಖ್ಯೆ ಇದೆ. ಎಷ್ಟು ಕೆಲಸ ಬದಲಾಯಿಸಿದರೂ ಅದೇ ಸಂಖ್ಯೆ ಕೊಡು, ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗ ಮಾಡಿಸು. ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡು. ಮದುವೆಯಾದ ಮೇಲೆ ಹೆಸರು ಬದಲಾಯಿಸುವುದಾದರೆ ಅಲ್ಲಿಯೂ ಬದಲಾಯಿಸು. ಮದುವೆಗಾಗಲೀ ಮಗುವಿಗಾಗಲೀ ಕೆಲಸ ಬಿಡಬೇಕಾಗಿ ಬಂದರೆ ಬಿಡು, ಅದು ನಿನ್ನ ಇಷ್ಟ. ಆದರೆ ದುಡಿದ ವರ್ಷಗಳನ್ನು ಬಿಟ್ಟು ಬರಬೇಡ.

ಮಗಳು ಸುಮ್ಮನೆ ಕೇಳಿದಳು. ಆಮೇಲೆ, ‘ನಮ್ಮ ಕಾಲೇಜಲ್ಲಿ ಇದನ್ನ ಯಾರೂ ಹೇಳಲಿಲ್ಲ ನೋಡಮ್ಮ’ ಎಂದಳು. ನಮ್ಮ ಕಾಲದಲ್ಲೂ ಹೇಳಿರಲಿಲ್ಲ. ಹೆಣ್ಣುಮಗಳ ಓದಿಗೆ ಸಾಲ ಮಾಡುವ, ಮದುವೆಗೆ ಚಿನ್ನ ಕೂಡಿಡುವ ತಂದೆ ತಾಯಂದಿರು ಬಹಳ ಇದ್ದಾರೆ. ಅವಳ ಪಿ.ಎಫ್. ಪುಸ್ತಕ ತೆರೆದು ‘ಎಷ್ಟು ವರ್ಷ ಆಯ್ತವ್ವ ನಿನ್ನ ಸೇವೆ?’ ಎಂದು ಕೇಳುವವರು ಕಡಿಮೆ. ಮಿಲ್ಲಿನ ಕೂಲಿಯಾಗಿದ್ದ ನನ್ನಪ್ಪ ಹೆಂಡತಿಗಾಗಿ ಎರಡು ಸಲ ಗುತ್ತಿಗೆದಾರನ ಬಾಗಿಲಿಗೆ ಹೋದರು. ಅಷ್ಟು ಮಾಡಿದರೆ ಸಾಕು.

ಮುಂದಿನ ಭಾನುವಾರ ಸಿಹಿ ಹಂಚಲು ಮೂವರೂ ಹರಿಹರಕ್ಕೆ ಹೋದೆವು. 2023ರ ಶಕ್ತಿ ಯೋಜನೆಯಿಂದಾಗಿ ಅಜ್ಜಿಗೂ ಮೊಮ್ಮಗಳಿಗೂ ನನಗೂ ಶೂನ್ಯ ಬೆಲೆಯ ಟಿಕೆಟು. ದೊಡ್ಡವ್ವ ಪೇಡೆ ಬಾಯಿಗಿಟ್ಟುಕೊಂಡು ಕಾಗದ ಎಲ್ಲಿ ಎಂದು ಕೇಳಿದಳು. ಮಗಳು ಮೊಬೈಲಿನಲ್ಲಿ ತೋರಿಸಲು ಹೋದರೆ ಒಪ್ಪಲಿಲ್ಲ. ಪುಣ್ಯಕ್ಕೆ ಅಚ್ಚು ಹಾಕಿಸಿದ ಪ್ರತಿ ನನ್ನ ಚೀಲದಲ್ಲಿತ್ತು.

ದೊಡ್ಡವ್ವನಿಗೆ ಓದಲು ಬಾರದು. ಕಾಗದವನ್ನು ಮಂಡಿಯ ಮೇಲೆ ಹರಡಿ, ‘ನಿನ್ನ ಹೆಸರು ಎಲ್ಲೈತಿ, ತೋರ್ಸು’ ಎಂದಳು. ಮಗಳು ಬೆರಳಿಟ್ಟು ತೋರಿಸಿದಳು. ದೊಡ್ಡವ್ವ ಗೆರೆ ಸವೆದ ತನ್ನ ಹೆಬ್ಬೆರಳನ್ನು ಆ ಅಕ್ಷರಗಳ ಮೇಲೆ ಮೆಲ್ಲಗೆ ಆಡಿಸಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅವಳ ಕೈಗೆ ಕೊಟ್ಟಳು.

‘ಜ್ವಾಕಿಯಾಗಿ ಇಟ್ಕೋ’ ಎಂದಳು.